ಅರಳಿ ಕಡ್ಡಿಯ ಬುಡ

ಮಾವ, ಹನುಮಂತನಗರದ ಮನೆಯಿಂದ ನಿಮ್ಮ ಸೊಸೆಯ ನಮಸ್ಕಾರ.

ನೀವು ಹೋದ ಮೇಲೆ ಎಷ್ಟೋ ದಿನ ನನಗೆ ನಿಮ್ಮ ಮೇಲೆ ಸಿಟ್ಟಿತ್ತು. ಹೋದದ್ದಕ್ಕಲ್ಲ, ಅದಕ್ಕೆ ಅಳು ಬೇರೆಯೇ ಇತ್ತು. ಆ ಕಡ್ಡಿಗೆ ಗುರುತು ಹಾಕದೆ ಹೋದಿರಲ್ಲ, ಅದಕ್ಕೆ. ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಮಾದರಿ ಕೆತ್ತಿದವರು, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದವರು, ಒಂದು ಗೆರೆ ಎಳೆಯಲು ನಿಮಗೇನಾಗಿತ್ತು?

ಲಾಮಾ ಮೊದಲ ಸಲ ನಮ್ಮ ಬಾಗಿಲಿಗೆ ಬಂದ ಬೆಳಿಗ್ಗೆ ನೆನಪಿದೆಯೇ? ಬಿಟಿಎಂ ಲೇಔಟಿನಲ್ಲಿ ಟಿಬೆಟಿನವರು ಮಹಡಿಯ ಮೇಲೆ ನಡೆಸುವ ಪುಟ್ಟ ಪ್ರಾರ್ಥನಾಮಂದಿರದವರು ಅವರು. ಕಾಲು ಮುರಿದ ಹಿತ್ತಾಳೆ ದೀಪವನ್ನು ಚೀಲದಲ್ಲಿಟ್ಟುಕೊಂಡು, ಯಾರೋ ಹೇಳಿದರೆಂದು ನಿಮ್ಮನ್ನು ಹುಡುಕಿಕೊಂಡು ಬಂದಿದ್ದರು. "ಸ್ವಲ್ಪ ನೋಡಿ ಕೊಡಿ ಯಜಮಾನ್ರೇ, ಎಷ್ಟ್ ಸಲ ಹಾಕಿಸಿದ್ರೂ ಬೆಸುಗೆ ನಿಲ್ತಾ ಇಲ್ಲ" ಎಂದಾಗ ಆ ಕನ್ನಡ ಕೇಳಿ ಅತ್ತೆ ಕಾಫಿ ಲೋಟ ಹಿಡಿದೇ ನಿಂತುಬಿಟ್ಟರು. ಅವರು ಬೈಲುಕುಪ್ಪೆಯಲ್ಲೇ ಹುಟ್ಟಿ ಬೆಳೆದವರೆಂದು ನಮಗೇನು ಗೊತ್ತಿತ್ತು? ದೀಪ ಸರಿಹೋಯಿತು. ಆಮೇಲೆ ಹೊಸ ದೀಪಗಳು, ಗಂಟೆಗಳು, ಕೊನೆಗೆ ಬುದ್ಧ. ನಿವೃತ್ತರಾದ ಮೇಲಾದರೂ ನೀವು ಸುಮ್ಮನೆ ಕೂರುತ್ತೀರಿ ಎಂದು ನಾವು ಕಾದದ್ದೇ ಬಂತು. ನನ್ನ ಒಳ್ಳೆಯ ಬಾಣಲೆಯಲ್ಲಿ ಜೇನುಮೇಣ ಕರಗಿಸಿದ ಪುಣ್ಯಾತ್ಮರು ನೀವು. ಇವತ್ತಿಗೂ ಅದರಲ್ಲಿ ಒಗ್ಗರಣೆ ಹಾಕಿದರೆ ಜೇನುಗೂಡಿನ ವಾಸನೆ.

ಹೊಸಕೆರೆಹಳ್ಳಿಯ ಎರಕದ ಶೆಡ್ಡಿಗೆ ನನ್ನನ್ನು ಕರೆದುಕೊಂಡು ಹೋದ ದಿನ ನಾನು ದಾರಿಯುದ್ದಕ್ಕೂ ಗೊಣಗಿದ್ದೆ. ಮೇಣದ ಬುದ್ಧನ ಒಳಗೂ ಹೊರಗೂ ಮಣ್ಣು ತುಂಬಿ, ಒಣಗಿಸಿ ತಂದಿದ್ದಿರಿ. ಅದನ್ನು ಒಲೆಯಲ್ಲಿಟ್ಟಾಗ ಮೇಣವೆಲ್ಲ ತೂತಿನಿಂದ ಹರಿದುಹೋಯಿತು. ಅಷ್ಟು ದಿನ ಕೂತು ತಿದ್ದಿದ ಮುಖ, ರೆಪ್ಪೆ, ಬೆರಳು...

"ಅಯ್ಯೋ, ಎಲ್ಲ ಹೋಯ್ತಲ್ಲ ಮಾವ!" ಎಂದೆ.

"ಹೋಗ್ಲಿ ಬಿಡಮ್ಮ, ಜಾಗ ಉಳಿದಿದ್ಯಲ್ಲ" ಎಂದಿರಿ.

ಆ ಜಾಗಕ್ಕೆ ಕರಗಿದ ಲೋಹ ಹೊಯ್ದರು. ಆರಿದ ಮೇಲೆ ನೀವು ಮಣ್ಣು ಒಡೆದಾಗ, ಮಸಿ ಹಿಡಿದ ಮುಖದಲ್ಲಿ ರೆಪ್ಪೆ ಇದ್ದಲ್ಲೇ ಇತ್ತು. ನನಗೆ ಗೊತ್ತಿಲ್ಲದೆ ಕೈ ಮುಗಿದಿದ್ದೆ. ಯಾರಿಗೆ ಮುಗಿದೆ ಎಂದು ಈಗಲೂ ತಿಳಿಯದು.

ಅರಳಿ ಕೊಂಬೆ ತಂದ ದಿನ ಮನೆಯಲ್ಲಾದ ರಂಪ ಮರೆಯುವಂತಿಲ್ಲ. ಯಡಿಯೂರು ಕೆರೆಯ ಹತ್ತಿರ ಕರೆಂಟು ತಂತಿಗೆ ತಾಗುತ್ತಿದೆಯೆಂದು ಕಡಿದು ಹಾಕಿದ್ದನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದಿರಿ. "ಅರಳಿ ಕೊಂಬೇನ ಯಾರಾದ್ರೂ ಮನೆಗೆ ತರ್ತಾರಾ? ಪ್ರದಕ್ಷಿಣೆ ಹಾಕೋ ಮರ ಅದು!" ಎಂದು ಅತ್ತೆ ಹೊಸ್ತಿಲಲ್ಲೇ ತಡೆದರು. "ನಾನೆಲ್ಲಿ ಕಡ್ದೆ? ಬಿದ್ದಿತ್ತು, ತಂದೆ" ಎಂದು ನೀವು ಸೀದಾ ತಾರಸಿ ಹತ್ತಿದಿರಿ. ಆ ಕೊಂಬೆಯಿಂದ ಒಂದು ಗಂಟೂ ಇಲ್ಲದ ತುಂಡನ್ನು ಹಟ ಹಿಡಿದು ಆರಿಸಿದಿರಿ. ಒಂದು ಗಂಟಾದರೂ ಇದ್ದಿದ್ದರೆ ಅದನ್ನು ನೋಡಿ ಕೊಂಬೆ ಯಾವ ಕಡೆ ಬೆಳೆದಿತ್ತೆಂದು ನಾನು ಆಮೇಲೆ ಕಂಡುಹಿಡಿಯುತ್ತಿದ್ದೆ.

ಎರಕದ ವಿಗ್ರಹ ಒಳಗೆ ಟೊಳ್ಳು. ತುಂಬುವವರೆಗೆ ಅದು ಬರೀ ಪಾತ್ರೆ ಎಂದು ಲಾಮಾ ನಮಗೆ ತಿಳಿಸಿದ್ದರು. ನಡುವೆ ನಿಲ್ಲುವ ಮರದ ಕಡ್ಡಿಯೇ ಅದರ ಪ್ರಾಣ. "ಮರ ಹೆಂಗೆ ನಿಂತಿತ್ತೋ ಹಂಗೇ ನಿಲ್ಬೇಕು ಯಜಮಾನ್ರೇ. ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದ್ರೆ ಏನ್ ತುಂಬಿದ್ರೂ ಒಳಗೆ ಖಾಲಿನೇ." ಅದಕ್ಕೇ ನೀವು ಕಡ್ಡಿಯ ಬುಡಕ್ಕೆ ಮೊದಲೇ ಗೆರೆ ಎಳೆದಿದ್ದಿರಿ. ಆಮೇಲೆ ಕೊನೆಗಳು ಸೀಳುಬಿಟ್ಟವೆಂದು ಎರಡೂ ಕಡೆ ಕೊಯ್ದು, ಉಜ್ಜಿ, ನುಣುಪು ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟಿರಿ. ಗೆರೆ ಆ ಚೂರಿನ ಜೊತೆ ಹೋಯಿತು, ಮತ್ತೆ ಎಳೆಯುವುದು ಉಳಿಯಿತು. ಅದೇ ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ.

ಹದಿಮೂರನೆಯ ದಿನದ ಕೆಲಸವೆಲ್ಲ ಮುಗಿದ ಮೇಲೆ ಆ ಬುದ್ಧನನ್ನು ಮೇಜಿನ ಮೇಲೆ ಮಲಗಿಸಿ, ಒಳಗೆ ಅಂಟಿದ್ದ ಮಣ್ಣನ್ನು ಕೆರೆದು ತೆಗೆಯಲು ಕೂತೆ. ಪೀಠದ ತೂತಿನಿಂದ ಕೈ ಹಾಕಿದರೆ ಒಳಗೆಲ್ಲ ಹಳ್ಳ ಹಳ್ಳ. ಏನಿದು ಎಂದು ಬೆರಳಾಡಿಸಿದೆ. ಮೇಣದ ಹಾಳೆಯನ್ನು ಅಚ್ಚಿಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದಿರಲ್ಲ, ಆ ಒತ್ತುಗಳು. ಹೊರಗೆ ಅರ ಹಾಕಿ ಉಜ್ಜಿ ನಿಮ್ಮ ಕೈಯ ಗುರುತೇ ಇಲ್ಲದಂತೆ ಮಾಡಿದ್ದಿರಿ, ಒಳಗೆ ಎಲ್ಲವೂ ಹಾಗೇ ಲೋಹವಾಗಿ ಕೂತಿತ್ತು. ಅತ್ತೆಯನ್ನು ಕೂಗಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು, ಅನುಮಾನದಿಂದಲೇ ಕೈ ಒಳಗಿಟ್ಟರು. ತುಂಬ ಹೊತ್ತು ತೆಗೆಯಲಿಲ್ಲ. "ಕಡ್ಡಿ ಬುಡ ಯಾವ್ದು ಅಂತ ಗೊತ್ತಾಯ್ತೇನೇ?" ಎಂದು ಕೇಳಿದರು. ಇಲ್ಲವೆಂದೆ. "ಹಂಗಾದ್ರೆ ಇವ್ರು ಇಷ್ಟೆಲ್ಲ ಮಾಡಿದ್ದು ಖಾಲಿನೇ ಉಳ್ಕೊಳುತ್ತಾ?" ಎಂದರು.

ಲಾಮಾಗೆ ಫೋನು ಮಾಡಿದೆ. ಅವರಿಗೆ ಒಂದಿಷ್ಟೂ ಗಾಬರಿಯಿಲ್ಲ. "ಮರಾನೇ ಕೇಳಿ ಮೇಡಂ. ಅಗಲವಾದ ಪಾತ್ರೇಲಿ ನೀರು ತುಂಬಿ ತೇಲಿಬಿಡಿ. ಬುಡದ ಕಡೆ ತಗ್ಗುತ್ತೆ." ನಾನು ಬಚ್ಚಲಿನ ಪ್ಲಾಸ್ಟಿಕ್ ಟಬ್ಬು ಎಳೆದೆ. "ಬಟ್ಟೆ ಒಗೆಯೋ ಟಬ್ಬಲ್ಲಾ? ಬುದ್ಧಿ ಇದ್ಯಾ ನಿನಗೆ?" ಎಂದು ಬೈದು ಅತ್ತೆ ಅಟ್ಟದ ಮೇಲಿನ ದೊಡ್ಡ ಹಿತ್ತಾಳೆ ಕೊಳಗ ಇಳಿಸಿದರು, ಹುಣಸೆಹಣ್ಣು ಹಚ್ಚಿ ಬೆಳಗಿದರು, ಅಂಗಳದಲ್ಲಿಟ್ಟು ನೀರು ತುಂಬಿದರು.

ಕಡ್ಡಿಯನ್ನು ಬಿಟ್ಟೆ. ಅದು ಅಲುಗಾಡಿ ಸಮನಾಗಿ ನಿಂತಿತು. ನಿಮ್ಮ ಕೈ ಕೆಲಸ ಅಲ್ಲವೇ, ಈ ಕೊನೆಯಿಂದ ಆ ಕೊನೆಗೆ ಒಂದೇ ದಪ್ಪ. ನನಗೆ ಮತ್ತೆ ಸಿಟ್ಟು ಬಂತು. ಇಷ್ಟು ನೀಟಾಗಿ ಯಾಕೆ ಮಾಡಬೇಕಿತ್ತು? ಅತ್ತೆ ಕೊಳಗದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಆಗ ಒಂದು ಕೊನೆ ತಗ್ಗಿತು, ಮಾವ. ಕೂದಲೆಳೆಯಷ್ಟು. ಆಮೇಲೆ ಇನ್ನಷ್ಟು. ತೆಗೆದು ಒರೆಸಿ, ತಿರುಗಿಸಿ ಬಿಟ್ಟೆ. ಅದೇ ಕೊನೆ ತಗ್ಗಿತು. ಕಡಿದು, ಒಣಗಿಸಿ, ಉಜ್ಜಿದ ಮೇಲೂ ಆ ತುಂಡಿಗೆ ತನ್ನ ನೆಲ ಯಾವ ಕಡೆಯಿತ್ತೆಂದು ಗೊತ್ತು! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಇಂಥದ್ದನ್ನು ನಾನು ಓದಿಲ್ಲವೆಂದಲ್ಲ, ಕಣ್ಣೆದುರು ನಡೆಯುವುದು ಬೇರೆ. ನಿಮ್ಮ ಪೆನ್ಸಿಲ್ಲಿನಿಂದಲೇ ಅಲ್ಲಿ ಗೆರೆ ಎಳೆದೆ.

ಬುದ್ಧನನ್ನು ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೊರಟೆವು. ಬನಶಂಕರಿ ದಾಟುವಾಗ ಆಟೋದವರು ಕನ್ನಡಿಯಲ್ಲಿ ನೋಡಿ "ಗಣಪತಿನಾ ಮೇಡಂ?" ಎಂದರು. ನನಗಿಂತ ಮುಂಚೆ ಅತ್ತೆ "ಬುದ್ಧ ಕಣಪ್ಪಾ, ನಮ್ಮನೇಲೇ ಮಾಡಿದ್ದು" ಎಂದರು. ಆಮೇಲೆ ಆಟೋದವರು ಪ್ರತಿ ಹಂಪಿನಲ್ಲೂ ನಿಧಾನ ಮಾಡಿದರು.

ಪ್ರಾರ್ಥನಾಮಂದಿರದಲ್ಲಿ ವಿಗ್ರಹವನ್ನು ದಿಂಬಿನ ಮೇಲೆ ತಲೆಕೆಳಗಾಗಿ ಹಿಡಿದರು. ಕಡ್ಡಿ ಅಲುಗದಂತೆ ಹಿಡಿದುಕೊಳ್ಳಲು ಲಾಮಾ ಅತ್ತೆಯನ್ನೇ ಕರೆದರು. ತೂತಿನಲ್ಲಿ ಗೆರೆ ಎಳೆದ ಬುಡ ಮೇಲೆ ಕಾಣುತ್ತಿತ್ತು. ನೆಟ್ಟಗೆ ಕೂರಿಸಿದಾಗ ಅದು ಕೆಳಗಿರುತ್ತದೆ. ಸುತ್ತ ಮಂತ್ರ ಬರೆದ ಕಾಗದದ ಸುರುಳಿಗಳು, ಧಾನ್ಯ, ಗಂಧದ ಪುಡಿ. ಎಲ್ಲ ತುಂಬಿದ ಮೇಲೆ, ಮುಚ್ಚುವ ತಾಮ್ರದ ತಗಡನ್ನು ಕೈಗೆ ತೆಗೆದುಕೊಂಡು ಲಾಮಾ ಕೇಳಿದರು: "ಮಾಡಿದವರ ಹೆಸರು ಹೇಳಿ. ಪ್ರಾರ್ಥನೇಲಿ ಸೇರಿಸ್ತೀವಿ."

ನಾನು ಬಾಯಿ ತೆರೆದೆ. ಅತ್ತೆ ನನ್ನ ತೋಳು ಮುಟ್ಟಿ ತಡೆದರು. ಗಂಡನ ಹೆಸರು ಹೇಳಬಾರದೆಂದು ಬೆಳೆದವರು ಅವರು. ಬ್ಯಾಂಕಿನಲ್ಲಿ ಕೇಳಿದರೂ, ಆಸ್ಪತ್ರೆಯಲ್ಲಿ ಕೇಳಿದರೂ ನನ್ನನ್ನೇ ಮುಂದೆ ತಳ್ಳುತ್ತಿದ್ದವರು. ನಿಮ್ಮನ್ನು "ಏನೂಂದ್ರೆ" ಎಂದಲ್ಲದೆ ಬೇರೆ ರೀತಿ ಕೂಗಿದ್ದನ್ನು ನಾನು ಕೇಳಿಲ್ಲ. ಅವರು ಆ ತೂತಿನ ಹತ್ತಿರಕ್ಕೆ ಬಗ್ಗಿದರು.

"ನಂಜುಂಡಯ್ಯ" ಎಂದರು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, "ನಂಜುಂಡಯ್ಯ."

ಲಾಮಾ ತಗಡು ಮುಚ್ಚಿ ಅಂಚು ಬಡಿದರು. ನೀವು ಒಮ್ಮೆಯೂ ಕೇಳದ ಆ ಮಾತು ಈಗ ಅದರೊಳಗಿದೆ, ಮಾವ.