ಸೂಜಿ ಚುಚ್ಚಿದ ಹೆಗಲು

15-4-2004, ಗುರುವಾರ, ಹಡಗಲಿ

ಹೆಗಲ ನೋವು ಇನ್ನೂ ಇಳಿದಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ಅತ್ತೆ ಇಷ್ಟು ವರ್ಷ ನನ್ನನ್ನು ಮೈಗಳ್ಳಿ ಎಂದೇ ಜರೆದವರು. ಇವತ್ತು ದಾವಣಗೆರೆಯ ಡಾಕ್ಟರು ಎಕ್ಸ್‌ರೇಗೆ ಕಾಣದ ಈ ನೋವಿಗೆ ಫೈಬ್ರೊಮಯಾಲ್ಜಿಯಾ ಎಂದು ಹೆಸರು ಹೇಳಿ, ಒತ್ತಿದರೆ ಜೀವ ಹೋಗುವ ಜಾಗಗಳಿಗೇ ಇಂಜೆಕ್ಷನ್ ಕೊಟ್ಟರು. ಒಂದೇ ಸಲಕ್ಕೆ ಇಳಿಯಲಿಕ್ಕಿಲ್ಲ ಎಂದೂ ಹೇಳಿದರು. ಅದನ್ನು ಮನೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಹೆಗಲ ಮೇಲಿನ ಹತ್ತಿ ನೋಡಿದ್ದೇ ಅತ್ತೆ ನನ್ನ ಮುಂದಿದ್ದ ಮಲ್ಲಿಗೆ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು.

"ಸೂಜಿ ಮಾಡ್ಯಾರಂದ್ರ ಬ್ಯಾನಿ ಖರೇನ ಐತಿ. ಇವತ್ತು ನಾ ಕಟ್ತೀನಿ, ನೀ ಮಲಕ್ಕೊ. ಮುಂಜಾನಿಗೆ ಆರಾಮಾಗ್ತೀ."

ಮೊದಲ ಸಲ ನನ್ನನ್ನು ನಂಬಿದ್ದಾರೆ. ಪಡಸಾಲೆಯಲ್ಲಿ ಇನ್ನೂ ಹೂ ಕಟ್ಟುತ್ತಿದ್ದಾರೆ. ಎದ್ದು ನಿಜ ಹೇಳಿಬಿಡಲೇ? ಕೈ ಎತ್ತಿ ನೋಡಿದೆ, ಕಿವಿಯ ಮಟ್ಟಕ್ಕೂ ಬರಲಿಲ್ಲ. ನಾಳೆ ಬುಟ್ಟಿ ಮತ್ತೆ ನನ್ನ ಮುಂದೆ ಬಂದಾಗಲೂ ಹೀಗೇ ಇದ್ದರೆ, ಅತ್ತೆಯ ಕಣ್ಣಿಗೆ ಇಂಜೆಕ್ಷನ್ನೂ ನನ್ನ ನಾಟಕವೇ ಆಗುತ್ತದೆ.