ಡಬ್ಬಿಯ ಮೇಲೆ ನಾನು ಬರೆದ ಹೆಸರು

ರಾಯಲ್ಪಾಡು ಹತ್ತಿರದಿಂದ

ಡಾ. ಪದ್ಮಶ್ರೀ ಮೇಡಂ ಅವರಿಗೆ ನಮಸ್ಕಾರ.

ಕರುಳಿನ ಉರಿಯೂತ ಮತ್ತು ಸೋಂಕಿನ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ ನಮ್ಮೂರಿನ ವಯಸ್ಸಾದವರಿಗೆ ಸೋಂಕಿಲ್ಲ ಎಂದಿದೆ. ಅದು ಸುಳ್ಳು, ಆ ಸುಳ್ಳಿಗೆ ಕಾರಣ ನಾನು.

‘ವಿಜ್ಞಾನ ಜನರ ಆಸ್ತಿ’ ಎಂಬ ನಿಮ್ಮ ಕರಪತ್ರ ಓದಿ, ನಿಮ್ಮ ಪರೀಕ್ಷೆಗಾಗಿ ಮನೆಮನೆಯಿಂದ ವಯಸ್ಸಾದವರ ಮಲದ ಡಬ್ಬಿ ತಂದವನು ನಾನೇ. ನಮ್ಮಜ್ಜಿ ಬೈರಮ್ಮ ಡಬ್ಬಿ ಕೊಡುತ್ತಾ, "ನಂದನ್ನ ನಿನ್ ಕೈಗೆ ಕೊಡಕ್ಕೆ ನಾಚ್ಕೆ ಕಣೋ. ನಿನ್ ತಂಗೀದು ಹಾಕಿದೀನಿ. ತಿನ್ನೋದು ಒಂದೇ ಮನೆ ಮುದ್ದೆ ತಾನೇ?" ಎಂದು ನಕ್ಕಳು. ತಂಗಿ ಕೋಲಾರದ ಹಾಸ್ಟೆಲ್‌ನಿಂದ ಹಿಂದಿನ ದಿನವಷ್ಟೇ ಬಂದಿದ್ದಳು; ನಮ್ಮೂರ ಟ್ಯಾಂಕಿನ ನೀರು ಕುಡಿದು ಒಂದು ದಿನವೂ ಆಗಿರಲಿಲ್ಲ. ನಾನೂ ನಕ್ಕು, ಡಬ್ಬಿಯ ಮೇಲೆ ಅಜ್ಜಿಯ ಹೆಸರು ಬರೆದೆ. ಇನ್ನೂ ಹನ್ನೊಂದು ಮನೆಗಳಲ್ಲಿ ಹೀಗೇ, ಹೊರಗಿನಿಂದ ಬಂದಿದ್ದ ಮಕ್ಕಳದ್ದನ್ನು ಹಿರಿಯರ ಹೆಸರಲ್ಲಿ ಕೊಟ್ಟಿದ್ದಾರೆಂದು ಈಗ ವಿಚಾರಿಸಿ ತಿಳಿದುಕೊಂಡಿದ್ದೇನೆ.

ಹೋದ ಮಂಗಳವಾರ ಅಜ್ಜಿ ರಕ್ತಭೇದಿಯಿಂದ ತೀರಿಕೊಂಡಳು. ಟ್ಯಾಂಕಿನ ನೀರು ಪರೀಕ್ಷಿಸಿ ಎಂದರೆ ಪಂಚಾಯಿತಿಯವರು ನಿಮ್ಮ ಲೇಖನ ತೋರಿಸುತ್ತಾರೆ.

ದಯವಿಟ್ಟು ಅದನ್ನು ಹಿಂಪಡೆಯಿರಿ. ತಪ್ಪು ನನ್ನದೆಂದು ಹೆಸರು ಹಾಕಿಯೇ ಬರೆಯಿರಿ. ಮತ್ತೆ ಡಬ್ಬಿ ಹಂಚಲು ಹೆಂಗಸರನ್ನು ಕಳಿಸಿ. ಬೇಗ ಆಗಬೇಕು ಮೇಡಂ. ನೀರು ಕುದಿಸಿ ಕುಡಿಯಿರಿ ಎಂದರೆ ಪಕ್ಕದ ಮನೆಯ ಶಾಮಲಮ್ಮ, "ಡಾಕ್ಟ್ರೇ ಬರ್ದಿದಾರೆ, ನೀನ್ಯಾರಪ್ಪ ಹೇಳಕ್ಕೆ?" ಎಂದು ನಲ್ಲಿಯಿಂದ ಹಿಡಿದು ಹಾಗೇ ಕುಡಿಯುತ್ತಾರೆ.

ತಪ್ಪೊಪ್ಪಿ ಸಹಿ ಮಾಡಿರುವ,
ಮುನಿಕೃಷ್ಣ