ಅಳುಮುಂಜಿಯ ನಗೆಹಾಡು

ಹೊಲಿಗೆ ಅಂಗಡಿಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮ ಅಳುಮುಂಜಿಗೆ ಅಕ್ಕನ ನೆನಪುಗಳು.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಇಲ್ಲಿ ನಾವು ಕ್ಷೇಮ. ನಿನ್ನ ಭಾವನ ಸೊಂಟ ಹಿಡಿದುಕೊಂಡಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ನಿಮ್ಮ ಹೊಸ ಹಾಡು ಕೇಳಿದೆ. ಇಷ್ಟು ವರ್ಷಗಳ ಮೇಲೆ ನಿಮ್ಮ ಬ್ಯಾಂಡಿನ ಹೆಸರು ರೇಡಿಯೋದಲ್ಲಿ ಬಂದಾಗ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಇಮೋ ಎಂಬ ನಿಮ್ಮ ಆ ಅಳುವ ರಾಕ್ ಸಂಗೀತ ಏನೆಂದು ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. ಒಂದು ಕಣ್ಣು ಮುಚ್ಚುವಂತೆ ಕೂದಲು ಬಿಟ್ಟು, ಇನ್ನೊಂದಕ್ಕೆ ಕಾಡಿಗೆ ಬಳಿದು, ನಿಮ್ಮ ಹಾಡಿಗೆ ಗೊಳೋ ಎಂದು ಅಳುತ್ತಿದ್ದ ಹುಡುಗರೆಲ್ಲ ಈಗ ಬೊಕ್ಕತಲೆಯವರು. ಪ್ಯಾಂಟಿನ ಸೊಂಟ ಅಗಲ ಮಾಡಿಸಿಕೊಳ್ಳಲು ನನ್ನ ಹತ್ತಿರವೇ ಬರುತ್ತಾರೆ.

ನಿಮ್ಮ ಡ್ರಮ್ಮರ್ ಫೋನ್ ಮಾಡಿದ್ದ, ಹಿಗ್ಗಿ ಹೀರೇಕಾಯಿಯಾಗಿದ್ದ. "ಅಕ್ಕಾ, ಅಳೋ ಹಾಡು ಈಗ ಯಾರಿಗ್ ಬೇಕು? ನಗ್ಸೋಣ ಅಂತ ನಿಮ್ ತಮ್ಮನೇ ಹೇಳ್ದ. ಒಂದೇ ಸಲಕ್ಕೆ ಹಾಡಿ ಮುಗಿಸ್ದ. ಇವನು ಇಷ್ಟು ಖುಷಿಯಾಗಿರೋದನ್ನ ನಾನು ನೋಡೇ ಇರ್ಲಿಲ್ಲ" ಎಂದ. ನಿನ್ನ ಗಿಟಾರನ್ನು ಅವನ ಮಗಳಿಗೆ ಕೊಟ್ಟುಬಿಟ್ಟೆಯಂತೆ, ಇನ್ನು ನನಗೆ ಬೇಡ ಎಂದೆಯಂತೆ. ಅದನ್ನೂ ನಿನ್ನ ದೊಡ್ಡ ಗುಣವೆಂದೇ ಹೇಳಿದ. "ಎಲ್ಲ ಸರಿಯಾಗಿದೆ" ಎಂಬ ಆ ಹಾಡಿಗೆ ನಿನ್ನ ಭಾವ ಸೊಂಟ ಹಿಡಿದುಕೊಂಡೇ ಕುಣಿದರು. ನಾನು ರೇಡಿಯೋ ಆರಿಸಿ ನಿನಗೆ ಫೋನ್ ಹಚ್ಚಿದೆ.

ಊರಿಗೆಲ್ಲ ನಿನ್ನ ಹಾಡು ಗೊತ್ತು, ನನಗೆ ನೀನು ಗೊತ್ತು. "ನನ್ನ ಮೇಲೆ ಮಣ್ಣು ಹಾಕಿ" ಎಂಬ ಹಾಡನ್ನು ನನ್ನ ಇಸ್ತ್ರಿ ಮೇಜಿನ ಕೆಳಗೆ ಕೂತು ಬರೆದ ದಿನ ನೀನು ಎರಡು ತಟ್ಟೆ ಊಟ ಬಾರಿಸಿ, ಅಲ್ಲೇ ಗೊರಕೆ ಹೊಡೆದಿದ್ದೆ. "ಮನಸ್ಸು ಹಗುರ ಇದ್ರೇನೇ ಅಳು ಬರಿಯೋಕಾಗೋದು ಕಣೇ" ಎನ್ನುತ್ತಿದ್ದೆ. ಅಪ್ಪ ಹೋದಾಗ ಮಾತ್ರ ನೀನು ಅಳಲಿಲ್ಲ. ಮಾತಾಡಿಸಲು ಬಂದವರನ್ನೆಲ್ಲ ನಗಿಸಿದೆ, ಸೋಪಿನ ಜಾಹೀರಾತಿಗೆ ಕುಣಿಯುವ ಹಾಡೊಂದು ಬರೆದುಕೊಟ್ಟೆ. ಹುಡುಗ ಗಟ್ಟಿಗ ಎಂದರು ಎಲ್ಲರೂ. ಅದೇ ವಾರ, ನೀನು ಬದುಕು ಸಾಕೆಂದುಕೊಂಡ ರಾತ್ರಿ, ನಿನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವಳು ನಾನು.

ಆಮೇಲಿನಿಂದ ಯಾವ ಹಾಡನ್ನೂ ನನಗೆ ಮೊದಲು ಹಾಡಿ ತೋರಿಸದೆ ನೀನು ಹೊರಗೆ ಬಿಟ್ಟವನಲ್ಲ. "ಸಾಕು ಮಾರಾಯ, ಕರುಳು ಕಿತ್ತು ಬಂತು" ಎಂದು ನಾನು ಹೇಳಬೇಕು, ನೀನು ಕಿಸಿಕಿಸಿ ನಗಬೇಕು. ಈ ಸಲ ನಾನು ರೇಡಿಯೋದಲ್ಲಿ ಕೇಳಿದೆ. ಆಗಿನಿಂದ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಿದೆ. "ಒಳ್ಳೇದಾದ್ರೂ ಹೆದರ್ತೀಯಲ್ಲೇ" ಎಂದು ನಿನ್ನ ಭಾವ ಬೈಯುತ್ತಾರೆ. ಬೈಯಲಿ. ಆ ಹಾಡು ಓಡಲಿ, ಮಲಗಲಿ, ನನಗೆ ಅದರಿಂದ ಏನೂ ಆಗಬೇಕಾಗಿಲ್ಲ. ನನಗೆ ನೀನು ಇರಬೇಕು. ಇದು ಮುಟ್ಟಿದ ಕೂಡಲೇ ಫೋನ್ ಮಾಡು, ಮಾತು ಬೇಡವಾದರೆ ಸುಮ್ಮನೆ ಕೆಮ್ಮು.

ನೂರು ಕಾಲ ಬಾಳು. ಇದು ಬಾಯಿಮಾತಿಗೆ ಬರೆದದ್ದಲ್ಲ.

ನಿನ್ನ
ಅಕ್ಕ

ತಾ.ಕ.: ಕಾಗದವನ್ನು ಅಂಚೆಡಬ್ಬಿಗೆ ಹಾಕಲು ಹೊರಟವಳು ಹಾಕದೆ ಬಸ್ಸು ಹತ್ತಿಬಿಟ್ಟೆ. ಈಗ ನಿನ್ನ ಬಾಗಿಲ ಹೊರಗೆ ಕೂತಿದ್ದೇನೆ. ಒಳಗೆ ದೀಪ ಉರಿಯುತ್ತಿದೆ, ಬೂಟು ಇಲ್ಲೇ ಇದೆ, ಎಷ್ಟು ಕೂಗಿದರೂ ನೀನು ಓಗೊಡುತ್ತಿಲ್ಲ. ಕೆಳಗಿನ ಮನೆಯವರು ಬಾಗಿಲು ಒಡೆಯಲು ಸುತ್ತಿಗೆ ತರಹೋಗಿದ್ದಾರೆ. ಈ ಸಾಲುಗಳಿರುವ ಕಡೆಯನ್ನೇ ಮೊದಲು ಬಾಗಿಲ ಕೆಳಗೆ ತೂರಿಸುತ್ತೇನೆ. ಪೂರ್ತಿ ಬಿಡುವುದಿಲ್ಲ, ಇನ್ನೊಂದು ತುದಿ ನನ್ನ ಬೆರಳಲ್ಲೇ ಇರುತ್ತದೆ. ಮಾತಾಡಬೇಡ, ಬಾಗಿಲೂ ತೆಗೆಯಬೇಡ. ಕಾಗದವನ್ನು ಒಮ್ಮೆ ಎಳೆ ಸಾಕು.